ಜಗ್ಗಿ ಹರಿದ ಹೊಲಿಗೆ

ಬೈಲಹೊಂಗಲದ ಸವದತ್ತಿ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಅದರ ಗೋಡೆಗೆ ಹತ್ತಿಕೊಂಡೇ ಪ್ರಜ್ಞಾಳ ಸೀಟಿನ ಅಂಗಡಿ. ಮೋಟಾರ್ ಸೈಕಲ್ಲುಗಳ ಹರಿದ ಸೀಟು ಹೊಲಿಯುವುದು, ಕುಸಿದದ್ದಕ್ಕೆ ಹೊಸ ಸ್ಪಂಜು ತುಂಬಿ ರೆಗ್ಜಿನ್ ಬಿಗಿಯುವುದು ಅವಳ ಕಸುಬು. ಹನ್ನೊಂದು ವರ್ಷದಿಂದ ಅವಳ ಮಗ್ಗುಲಲ್ಲಿ ಕುಳಿತಿದ್ದೇನೆ, ಹನ್ನೊಂದು ವರ್ಷದಿಂದಲೂ ನನಗೆ ಅವಳೆಂದರೆ ಒಳಗೊಳಗೇ ಅಂಜಿಕೆ. ನಾನು ವೀರಪ್ಪ, ಅರವತ್ತರ ಗಂಡಸು. ಅವಳು ಮೂವತ್ತೆರಡರ ಹೆಣ್ಣುಮಗಳು. ಆದರೂ ಅಂಜಿಕೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಶುರುವಾದದ್ದು ನನ್ನ ಸ್ಕೂಟರಿನಿಂದ. ಇಸ್ಪೀಟು ಬಿಟ್ಟೆನೆಂದು ಹೆಂಡತಿ ಸುಂದರವ್ವನ ಮುಂದೆ ಆಣೆ ಮಾಡಿದ್ದ ಕಾಲವದು. ಸಂಜೆ ಹೊತ್ತು ಕಿತ್ತೂರು ರಸ್ತೆಗೆ ಗಾಳಿ ಕುಡಿಯಲು ಹೋಗುತ್ತೇನೆ, ಅದೂ ಒಬ್ಬನೇ, ಎಂದು ಮನೆಯಲ್ಲಿ ಹೇಳಿಟ್ಟಿದ್ದೆ. ಸೀಟು ಹರಿದಿತ್ತೆಂದು ಇವಳ ಹತ್ತಿರ ಬಿಟ್ಟೆ. ಸುಂದರವ್ವ ನನ್ನ ಊಟದ ಡಬ್ಬಿ ತಂದವಳು ಅಲ್ಲೇ ನಿಂತಿದ್ದಳು. ಪ್ರಜ್ಞಾ ಸೀಟನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ, ತಲೆಯನ್ನೂ ಎತ್ತದೆ, ಹಿಂದೆ ದಿನಾ ಒಬ್ಬ ಭಾರೀ ಮನುಷ್ಯ ಕೂಡುತ್ತಾನಲ್ಲ, ಎಡಗಡೆ ಟೊಂಕ ನೋಯುತ್ತದೇನೋ, ಪೂರಾ ಬಲಕ್ಕೆ ವಾಲಿ ಕೂಡುತ್ತಾನೆ ಎಂದಳು. ಎಡಗಡೆ ಟೊಂಕ ನೋಯುವ ಭಾರೀ ಮನುಷ್ಯ ನಮ್ಮ ಓಣಿಯಲ್ಲಿ ಒಬ್ಬನೇ, ನನ್ನ ಇಸ್ಪೀಟಿನ ಜೋಡಿ ಅಂದಾನೆಪ್ಪ. ಆ ಮಧ್ಯಾಹ್ನ ಡಬ್ಬಿ ಬಂದ ದಾರಿಯಲ್ಲೇ ವಾಪಸು ಹೋಯಿತು.

ಇಂಥವಳು ಅವಳು. ಮನುಷ್ಯರ ಬಾಯಿಯ ಮೇಲೆ ಕವಡೆಯಷ್ಟೂ ನಂಬಿಕೆಯಿಲ್ಲ. ಯಾರು ಏನೇ ಹೇಳಲಿ, "ಹೌದ್ರಿ?" ಎಂದು ಕೇಳಿ ಮುಖ ನೋಡುತ್ತಾಳೆ. ಆ "ಹೌದ್ರಿ"ಯಲ್ಲಿ ಪೊಲೀಸ್ ಠಾಣೆಯ ಗತ್ತು. ಹಾಲು ಕೊಟ್ಟರೂ ಹಲ್ಲಿ ಬಿದ್ದಿದೆಯೇ ಎಂದು ನೋಡುವ ಜಾಯಮಾನ. ನಾನೇನು ಕಡಿಮೆಯಲ್ಲ, ತಾನು ಕಳ್ಳ ಪರರ ನಂಬ ಎನ್ನುವ ಪೈಕಿ ನಾನು. ಆದರೆ ನನ್ನದು ಬರೀ ಬಾಯಿಚಪಲದ ಸಂಶಯ, ಅವಳದು ಕಸುಬಿನ ಸಂಶಯ. ಎರಡಕ್ಕೂ ಬಹಳ ಫರಕಿದೆ.

ಅವಳ ತಂದೆ ಶಟ್ಟೆಪ್ಪ ಮೊದಮೊದಲು ಎತ್ತಿನ ಕೊರಳಪಟ್ಟಿ, ಚಪ್ಪಲಿ ಹೊಲಿಯುತ್ತಿದ್ದವನು. ಎತ್ತು ಕಡಿಮೆಯಾಗಿ ಸೈಕಲ್ಲು ಹೆಚ್ಚಾದಾಗ ಸೈಕಲ್ಲಿನ ಸೀಟಿಗೆ, ಅದೂ ಹೋಗಿ ಮೋಟಾರ್ ಸೈಕಲ್ಲು ಬಂದಾಗ ಅದರ ಸೀಟಿಗೆ ಸೂಜಿ ಹಾಕಿದ. ಬುದ್ಧನ ದಾರಿ ಹಿಡಿದ ಮನೆತನ. ಹಿರಿಯ ಮಗಳಿಗೆ ಪ್ರಜ್ಞಾ ಎಂದು ಹೆಸರಿಟ್ಟ, ಐದು ವರ್ಷದ ಮೇಲೆ ಹುಟ್ಟಿದ ಮಗನಿಗೆ ಅಜ್ಜನ ಹೆಸರು ತಂದು ಪರಶು ಎಂದ. ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಶಟ್ಟೆಪ್ಪ ತೀರಿಹೋದ. ತಾಯಿ ಕಾಡವ್ವ ಕೂಲಿಗೆ ಹೋಗುವವಳು. ಮಗಳು ಪುಸ್ತಕ ಕಟ್ಟಿಟ್ಟು ಅಪ್ಪನ ದಬ್ಬಣ ಕೈಗೆ ತೆಗೆದುಕೊಂಡಳು.

ಊರು ಸುಮ್ಮನಿರುತ್ತದೆಯೇ? ಹೆಣ್ಣುಮಗಳು ಗಂಡಸರು ಕೂಡುವ ಸೀಟು ಹಿಡಿದುಕೊಂಡು ಕೂಡುವುದೆಂದರೇನು ಎಂದಿತು. ಎಂದವರೇ ಎಂಟು ದಿನಕ್ಕೆ ಹರಿದ ಸೀಟು ತಂದರು. ನಗುನಗುತ್ತ ಮಾತಾಡಿ, ಕೆಲಸ ಹೊಗಳಿ, ಚಹಾ ಮಾತ್ರ ಈಗಷ್ಟೇ ಕುಡಿದು ಬಂದೆ ಎಂದು ಎದ್ದುಹೋದ ಗಿರಾಕಿಗಳನ್ನು ಅವಳು ಹದಿನೆಂಟನೆಯ ವಯಸ್ಸಿನಿಂದ ನೋಡುತ್ತ ಬಂದಿದ್ದಾಳೆ. ಈಗಷ್ಟೇ ಕುಡಿದು ಬಂದವರಲ್ಲಿ ಮೊದಲ ಆರು ತಿಂಗಳು ನಾನೂ ಇದ್ದೆ. ಅವಳಿಗೆ ನಂಬಿಕೆಯಿಲ್ಲ ಎಂದು ದೂರುವ ಮೊದಲು ಇದನ್ನೂ ಹೇಳಿಬಿಡಬೇಕು.

ಸವದತ್ತಿಯಿಂದ ಒಬ್ಬ ಹುಡುಗ ಅವಳನ್ನು ನೋಡಲು ಬಂದಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಬೈಕಿನ ಕೀಲಿ ತಿರುಗಿಸುತ್ತ, ಈ ಗಾಡಿ ತೆಗೆದುಕೊಂಡು ಮೂರು ವರ್ಷವಾಯಿತು, ದಿನಾ ಇದರ ಮೇಲೆಯೇ ಕೆಲಸಕ್ಕೆ ಹೋಗುವುದು ಎಂದ. ಇವಳು ನೀರು ತರುವ ನೆಪದಲ್ಲಿ ಹೊರಗೆ ಹೋಗಿ ಸೀಟು ಮುಟ್ಟಿ ಬಂದಳು. ಒಳಗೆ ಕಾಡವ್ವನ ಕಿವಿಯಲ್ಲಿ, ಗಾಡಿ ಇವನದಲ್ಲ, ಇವನ ಟೊಂಕದ ಅಳತೆಯೇ ಬೇರೆ ಎಂದಳು. ಮಾತು ಹೊರಗೂ ಕೇಳಿಸಿ ಎರಡೂ ಕಡೆಯವರು ಸಿಟ್ಟಾದರು. ಗಾಡಿ ಅವನ ಗೆಳೆಯನದು ಎಂದು ತಿಂಗಳೊಳಗೆ ಗೊತ್ತಾಯಿತು. ಆಮೇಲೆ ಬರುವ ಗಂಡುಗಳು ಬಸ್ಸಿನಲ್ಲಿ ಬರತೊಡಗಿದರು. ಅವರಲ್ಲಿ ಯಾರೂ ಇವಳಿಗೆ ಹಿಡಿಸಲಿಲ್ಲ.

ಈಗ ಪರಶುವಿನ ವಿಷಯ. ಅಕ್ಕ ಸಾಕಿ ಓದಿಸಿದ ಹುಡುಗ. ಐಟಿಐ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ. ಎಲ್ಲಿಂದಲೋ ಒಂದು ಹಳೆಯ ಸ್ಪೋರ್ಟ್ಸ್ ಬೈಕು ತಂದು, ಬಿಚ್ಚಿ, ಜೋಡಿಸಿ, ಓಡುವ ಹಾಗೆ ಮಾಡಿದ. ಬೆನ್ನು ಬಗ್ಗಿಸಿ ಟ್ಯಾಂಕಿನ ಮೇಲೆ ಒರಗಿದಂತೆ ಕೂಡುವ ಗಾಡಿ ಅದು. ಹಿಂದಿನ ಸೀಟೆಂದರೆ ಎರಡು ಅಂಗೈ ಅಗಲದ ತುಂಡು, ಅದೂ ಮುಂದಿನದಕ್ಕಿಂತ ಒಂದು ಗೇಣು ಎತ್ತರ.

ರವಿವಾರ ಬೆಳಿಗ್ಗೆ ಕನ್ನಡ ಸಾಲಿಯ ಆಟದ ಬಯಲಿನಲ್ಲಿ ಅವನ ಕಸರತ್ತು ನಡೆಯುತ್ತಿತ್ತು. ಗಾಡಿಯನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಎಂಜಿನ್ನು ಬಂದ್ ಇಟ್ಟು, ಒಮ್ಮೆ ಎಡಕ್ಕೆ ಅರ್ಧ ಕುಂಡಿ ಇಳಿಸುವುದು, ಒಮ್ಮೆ ಬಲಕ್ಕೆ. ಗಾಡಿ ನಿಂತೇ ಇದೆ, ಇವನು ಮಾತ್ರ ಜೋತುಬೀಳುತ್ತಿದ್ದಾನೆ. ಬೀಳುವುದನ್ನು ಅಭ್ಯಾಸ ಮಾಡುತ್ತಿದ್ದಾನೆ ಎಂದು ನಾನು ನಕ್ಕಿದ್ದೆ. ಅವನಿಗೆ ಸಿಟ್ಟು ಬರಲಿಲ್ಲ. ನನ್ನನ್ನು ಕೂಡ್ರಿಸಿಕೊಂಡು ಹೇಳಿದ: ಮೊಣಕಾಲಿನಿಂದ ಟ್ಯಾಂಕು ಒತ್ತಿ ಹಿಡಿಯಬೇಕು, ಭಾರವನ್ನು ಅಂಗಾಲಿನ ಮುಂಭಾಗಕ್ಕೆ ಬಿಡಬೇಕು, ಕೈ ಸಡಿಲ ಇರಬೇಕು, ಕಣ್ಣು ತಿರುವು ಮುಗಿಯುವ ಜಾಗದಲ್ಲಿರಬೇಕು, ತಿರುವು ಯಾವ ಕಡೆಗೋ ಮೈ ಆ ಕಡೆಗೇ ಒಳಕ್ಕೆ ಹೋಗಬೇಕು.

"ಬರೇ ಹ್ಯಾಂಡಲ್ ತಿರುವಿದ್ರ ತಿರಗೂ ಗಾಡಿ ಅಲ್ರಿ ಕಾಕಾ ಇದು. ಮೈ ಹ್ವಾದ ಕಡಿ ಹೊಕ್ಕೈತಿ," ಎಂದ.

ನಾನು ಮನಸ್ಸಿನಲ್ಲೇ, ಇವನ ಬುದ್ಧಿ ಯಾವ ಕಡೆ ಹೋಗಿದೆಯೋ ಎಂದುಕೊಂಡೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ನವಿಲುತೀರ್ಥದ ಡ್ಯಾಮಿನ ಗೇಟು ತೆಗೆದಿದ್ದಾರೆಂದು ಸುದ್ದಿ ಬಂತು. ಪರಶು ಅಕ್ಕನಿಗೆ ದುಂಬಾಲು ಬಿದ್ದ: ಒಮ್ಮೆಯಾದರೂ ನನ್ನ ಹಿಂದೆ ಕುಳಿತು ಬಾ, ನೀರು ನೋಡಿ ಬರೋಣ. ಅವಳು ಅವನ ಗಾಡಿ ಹತ್ತಿದವಳೇ ಅಲ್ಲ. ಅದೇ ವಾರ ಹಿಂದಿನ ಸೀಟಿನ ತುಂಡಿಗೆ ಹೊಸ ರೆಗ್ಜಿನ್ ಹಾಕಿ ತಾನೇ ಜೋಡು ಹೊಲಿಗೆ ಹಾಕಿಕೊಟ್ಟಿದ್ದಳು. ಸರಿ, ನನ್ನ ಹೊಲಿಗೆ ಮೇಲೆ ನಾನೇ ಕೂಡುತ್ತೇನೆ ಎಂದು ಹೊರಟಳು. ಮೆಲ್ಲಗೆ ಹೊಡಿ ಎಂದು ನಾನೇ ಕೂಗಿ ಹೇಳಿದ್ದೆ.

ಹೋಗುವಾಗ ಸುರಳೀತ ಹೋದರು. ಬರುವಾಗ, ಡ್ಯಾಮಿನ ಈಚೆಗೆ ರಸ್ತೆ ಬಲಕ್ಕೆ ಹೊರಳುವ ಒಂದು ತಿರುವಿನಲ್ಲಿ, ಗಾಡಿ ಹೊರಳಬೇಕಾದಷ್ಟು ಹೊರಳಲಿಲ್ಲ. ಅಗಲಕ್ಕೆ ಸರಿಯುತ್ತ ಸರಿಯುತ್ತ ಎಡ ಅಂಚಿನ ಜಲ್ಲಿಕಲ್ಲಿಗೆ ಇಳಿಯಿತು, ಮುಂದಿನ ಗಾಲಿ ಜಾರಿ ಬಲಮಗ್ಗುಲಾಗಿ ಬಿತ್ತು. ಪರಶುವಿಗೆ ಮೊಣಕೈ ತರಚಿತು. ಪ್ರಜ್ಞಾಳ ಬಲಗಾಲು ಗಾಡಿಯ ಕೆಳಗೆ ಸಿಕ್ಕು ಎರಡು ಕಡೆ ಮುರಿಯಿತು. ರಾಡು ಹಾಕಿದರು. ಕಾಲು ಕೂಡಿತು, ಆದರೆ ಒಂದು ಬೆರಳಿನಷ್ಟು ಗಿಡ್ಡವಾಗಿ ಕೂಡಿತು. ಅಂದಿನಿಂದ ಅವಳು ಕುಂಟುತ್ತಾಳೆ.

ದವಾಖಾನೆಯಲ್ಲಿ ಪರಶು ಹೇಳಿದ್ದು ಒಂದೇ ಮಾತು, ತಿರುವಿನಲ್ಲಿ ಗಾಡಿ ನನ್ನ ಮಾತು ಕೇಳಲಿಲ್ಲ ಎಂದು. ಇದು ಯಾವ ಉತ್ತರ? ಗಾಡಿಯೇನು ಎಮ್ಮೆಯೇ, ಮಾತು ಕೇಳದಿರಲು? ಜೋರು ಹೊಡೆದಿದ್ದೀಯಾ ಎಂದರೆ ಇಲ್ಲ. ಬ್ರೇಕು ಹಿಡಿಯಲಿಲ್ಲವೇ ಎಂದರೆ ಅದೂ ಅಲ್ಲ. ಮತ್ತೇನು ಎಂದರೆ ನೆಲ ನೋಡುತ್ತಾನೆ. ನೆಲ ನೋಡುವವನನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಡ್ಯಾಮಿನ ದಾರಿಯ ಮುನವಳ್ಳಿಯಲ್ಲಿರುವ ನನ್ನ ಬೀಗರು ಯಾರೋ, ಅಂದು ಅಲ್ಲಿಯ ಬಾರಿನ ಮುಂದೆ ಅಂಥದೇ ಒಂದು ಗಾಡಿ ನಿಂತದ್ದನ್ನು ಕಂಡಿದ್ದರಂತೆ. ಅಂಥದೇ ಎನ್ನುವುದು ನನ್ನ ಬಾಯಿಯಲ್ಲಿ ಅದೇ ಆಯಿತು. ನಾನು ನಾಲ್ಕು ಜನಕ್ಕೆ ಹೇಳಿದೆ. ಕುಡಿದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ, ಡಾಕ್ಟರು ಪರಿಚಯದವರಿರಬೇಕು ಎಂದೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಬೇರೆ ಸೇರಿಸಿದೆ.

ಕಾಡವ್ವ ಗಾಡಿಯ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಗಾಡಿ ಮನೆಯ ಹಿಂದಿನ ತಗಡಿನ ಶೆಡ್ಡು ಸೇರಿತು, ಮೇಲೆ ತಾಡಪತ್ರಿ, ಬಾಗಿಲಿಗೆ ಬೀಗ. ಮಗನಿಂದ ಬುದ್ಧನ ಫೋಟೊದ ಮುಂದೆ ಮಾತು ತೆಗೆದುಕೊಂಡಳು: ಇನ್ನು ಇದನ್ನು ಮುಟ್ಟಕೂಡದು, ಕಾಲು ಕಳಕೊಂಡವಳು ಹೂಂ ಅಂದ ದಿನ ಮಾತ್ರ ಮುಟ್ಟಬಹುದು. ಪರಶು ಗ್ಯಾರೇಜಿಗೆ ಸೈಕಲ್ಲಿನ ಮೇಲೆ ಹೋಗತೊಡಗಿದ. ಅಕ್ಕ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಅಂಗಿ ಒಗೆದು ಕೊಡುತ್ತಿದ್ದಳು. ಆದರೆ ಅವನು ಏನಾದರೂ ಹೇಳಿದರೆ ಗಿರಾಕಿಗೆ ಕೇಳುವ ಹಾಗೆ "ಹೌದು?" ಎಂದು ಮುಖ ನೋಡುತ್ತಿದ್ದಳು. ತಮ್ಮನ ಮಾತು ದಿನದಿನಕ್ಕೆ ಕಡಿಮೆಯಾಯಿತು.

ಈ ವರ್ಷ ಮಳೆ ಮುಗಿದ ಮೇಲೆ ಹುಬ್ಬಳ್ಳಿ ಹತ್ತಿರ ಯಾರೋ ಹೊಸದಾಗಿ ಬೈಕು ಕಲಿಸುವ ಶಾಲೆ ತೆರೆದರು. ಸ್ಪೋರ್ಟ್ಸ್ ಬೈಕಿನ ಮೇಲೆ ಮೈ ಹೇಗಿರಬೇಕೆಂದು ಕಲಿಸುವ ಮಾಸ್ತರ ಬೇಕಾಗಿತ್ತಂತೆ. ಪರಶುವಿನ ಹಳೆಯ ವಿಡಿಯೊ ಯಾವುದನ್ನೋ ನೋಡಿ ಕರೆದರು. ಸೋಮವಾರ ನಿನ್ನದೇ ಗಾಡಿ ತೆಗೆದುಕೊಂಡು ಬಾ, ಹೊಡೆದು ತೋರಿಸು, ಸರಿ ಕಂಡರೆ ಕೆಲಸ ನಿನ್ನದು ಎಂದರು. ಇತ್ತ ಕಾಡವ್ವ ಅದೇ ವಾರ ಗಾಡಿ ಮಾರುವ ಮಾತಾಡಿಯಾಗಿತ್ತು. ರಾಮದುರ್ಗದ ಲಕ್ಷ್ಮಣ ಎನ್ನುವವನು ರವಿವಾರ ಬಂದು ಒಯ್ಯುವವನಿದ್ದ. ಅವನ ಕೈಗೆ ಕೊಡುವ ಮೊದಲು ಹರಿದ ಸೀಟು ಸರಿಮಾಡಲೆಂದು ಗಾಡಿಯನ್ನು ದೂಡಿಕೊಂಡು ಮಗಳ ಅಂಗಡಿಗೆ ತಂದು ನಿಲ್ಲಿಸಿದ್ದರು.

ಗುರುವಾರ ಪರಶು ಬಂದ. ನಾನು ನನ್ನ ಯಂತ್ರಕ್ಕೆ ಕಾಗದ ತುಂಬುತ್ತ ಕಿವಿ ಅಲ್ಲಿಟ್ಟಿದ್ದೆ. ನೀನು ಹೂಂ ಎಂದರೆ ಅವ್ವ ಕೀಲಿ ಕೊಡುತ್ತಾಳೆ ಎಂದ. ಪ್ರಜ್ಞಾ ಸೂಜಿ ನಿಲ್ಲಿಸಿದಳು.

"ಹೂಂ ಅನ್ನಾಕ ನನಗ ಒಂದ ಕಾರಣ ಕೊಡು. ಅವತ್ತ ಏನಾತು, ಖರೇ ಹೇಳು."

ಅವನು ಅವಳ ಕಾಲು ನೋಡಿದ. ಬಾಯಿ ತೆರೆದವನು ಮುಚ್ಚಿಕೊಂಡು ಹೊರಟುಹೋದ. ನನಗೆ ಖಾತ್ರಿಯಾಯಿತು. ಕಾರಣ ಇದ್ದವನು ಇಂಥ ಹೊತ್ತಿನಲ್ಲಿ ಸುಮ್ಮನಿರುತ್ತಾನೆಯೇ? ಕೆಲಸ ಕೈತಪ್ಪುತ್ತಿದೆ, ಗಾಡಿ ಕೈತಪ್ಪುತ್ತಿದೆ, ಆದರೂ ಬಾಯಿ ಬಿಡುವುದಿಲ್ಲವೆಂದರೆ ಒಳಗೆ ಮುಚ್ಚಿಡುವಂಥದ್ದು ಏನೋ ಇರಲೇಬೇಕು. ಇದನ್ನು ಪ್ರಜ್ಞಾಳಿಗೂ ಹೇಳಿದೆ. ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು.

ಶುಕ್ರವಾರ ಅವಳು ಸೀಟು ಬಿಚ್ಚಿದಳು. ಮೊದಲು ಮುಂದಿನದು, ತಮ್ಮ ಕೂಡುತ್ತಿದ್ದದ್ದು. ನಾನು ಸ್ಟೂಲು ಎಳೆದುಕೊಂಡು ಕುಳಿತೆ, ಇವತ್ತು ಕಳ್ಳ ಸಿಕ್ಕ ಎಂದು. ಅವಳೂ ಹುಡುಕುತ್ತಿದ್ದದ್ದು ಅದನ್ನೇ. ಅಂಜಿ ಹೊಡೆಯುವವನ ಸೀಟು ಟ್ಯಾಂಕಿನ ಬುಡದಲ್ಲಿ ಕುಸಿದಿರುತ್ತದೆ, ಬ್ರೇಕು ಹಿಡಿದಾಗಲೆಲ್ಲ ಮುಂದೆ ಜಾರಿ ಬರುತ್ತಾನೆ. ಶೋಕಿಗೆ ಹೊಡೆಯುವವನದು ನಟ್ಟನಡುವೆ ಹೊಂಡ, ತಿರುವಿನಲ್ಲೂ ಮೈ ಅಲುಗಿಸುವುದಿಲ್ಲ. ಪರಶುವಿನ ಸೀಟು ಎರಡೂ ಅಂಚಿನಲ್ಲಿ ಸವೆದಿತ್ತು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಅವಳು ದಾರ ಹಿಡಿದು ಅಳೆದಳು. ಟ್ಯಾಂಕಿನ ಎರಡೂ ಮಗ್ಗುಲಿಗೆ ಮೊಣಕಾಲು ಒತ್ತಿ ಬಣ್ಣ ಹೋದ ಗುರುತೂ ಸರಿಸಮ. ಇಷ್ಟು ಕಟ್ಟುನಿಟ್ಟಾಗಿ ಹೊಡೆಯುವವನ ಸೀಟು ನಾನು ಇಲ್ಲಿಯವರೆಗೆ ನೋಡಿಲ್ಲ ಎಂದಳು. ಹೇಳುವಾಗ ಅವಳಿಗೇ ಸಮಾಧಾನವಿರಲಿಲ್ಲ. ಒಂದು ದಿನ ತಪ್ಪಿರಬಹುದಲ್ಲ ಎಂದು ನಾನು ಸಮಾಧಾನ ಹೇಳಿದೆ.

ಆಮೇಲೆ ಹಿಂದಿನ ತುಂಡು ಕೈಗೆತ್ತಿಕೊಂಡಳು. ಅದರ ಬಲಗಡೆಯ ಹೊಲಿಗೆ ಒಂದು ಗೇಣಿನಷ್ಟು ಬಿಚ್ಚಿತ್ತು. ಗಾಡಿ ಬಲಕ್ಕೆ ಬಿದ್ದಿತ್ತಲ್ಲ, ರಸ್ತೆಗೆ ಉಜ್ಜಿ ಹರಿದಿರಬೇಕು ಎಂದು ಎಲ್ಲರೂ ತಿಳಿದಿದ್ದೆವು. ಅವಳು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರೆಗ್ಜಿನ್ ಮೇಲೆ ಒಂದು ಗೀರೂ ಇಲ್ಲ. ಸೀಟು ನೆಲವನ್ನು ಮುಟ್ಟಿಯೇ ಇಲ್ಲ. ಉಜ್ಜಿ ಹರಿದ ದಾರ ಬೇರೆ, ಜಗ್ಗಿ ಹರಿದ ದಾರ ಬೇರೆ ಎಂದು ನನಗೆ ತೋರಿಸಿದಳು. ಉಜ್ಜಿದ್ದರೆ ದಾರದ ತುದಿ ಜುಂಗು ಜುಂಗಾಗುತ್ತದೆ, ಸೂಜಿಯ ತೂತು ದುಂಡಗೇ ಉಳಿಯುತ್ತದೆ. ಇಲ್ಲಿ ದಾರ ಕತ್ತರಿಸಿದಂತೆ ತುಂಡಾಗಿತ್ತು, ತೂತುಗಳು ಎಡಕ್ಕೆ ಎಳೆದು ಉದ್ದವಾಗಿದ್ದವು. ಯಾರೋ ಇಡೀ ಮೈಭಾರದಿಂದ ಈ ರೆಗ್ಜಿನ್ನನ್ನು ಎಡಕ್ಕೆ ಜಗ್ಗಿದ್ದಾರೆ. ಒಂದು ವಾರದ ಜೋಡು ಹೊಲಿಗೆ, ಅದರ ಮೇಲೆ ಕುಳಿತದ್ದು ಒಬ್ಬಳೇ. ಅವಳು ಅಂಗಡಿ ಮುಚ್ಚಿ ಹೊರಟಳು, ಆಗಿನ್ನೂ ನಾಲ್ಕು ಗಂಟೆ.

ಶನಿವಾರ ಬೆಳಿಗ್ಗೆ ನನ್ನನ್ನು ಕರೆದಳು. ಸೀಟು ಕೂಡ್ರಿಸಿ ನೋಡಲು ಅವಳ ಹತ್ತಿರ ನಾಲ್ಕು ಕಾಲಿನ ಒಂದು ಮರದ ಕುದುರೆ ಇದೆ. ಆ ಹಿಂದಿನ ತುಂಡನ್ನು ಅದಕ್ಕೆ ಬಿಗಿದು, ಬಲ ಅಂಚಿಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದಳು. ಏನು ಎತ್ತ ಎಂದು ಹೇಳದೆ, ಇದರ ಮೇಲೆ ಕುಂತ್ರಿ ಎಂದಳು. ನನಗೆ ಆಗಲೇ ಸಂಶಯ, ಆದರೂ ಕಾಲು ಈಕಡೆ ಆಕಡೆ ಹಾಕಿ ಕುಳಿತೆ. ಅವಳು ಹಿಂದೆ ಹೋಗಿ, ಕುದುರೆಯ ಎಡಗಾಲಿನ ಕೆಳಗೆ ಹಾರೆ ತೂರಿಸಿ, ಒಮ್ಮೆಲೇ ಮೀಟಿದಳು. ಕುದುರೆ ಬಲಕ್ಕೆ ವಾಲಿತು. ಯವ್ವಾ ಎಂದು ನಾನು ಎಡಕ್ಕೆ ಹಾರಿಬಿದ್ದು ಸೀಟು ತಬ್ಬಿಕೊಂಡೆ. ಅರವತ್ತರ ಮುದುಕನೊಂದಿಗೆ ಇದೆಂಥ ಚೇಷ್ಟೆ ಎಂದು ಬಯ್ಯಬೇಕೆನ್ನುವಷ್ಟರಲ್ಲಿ ಅವಳೇ ಕೇಳಿದಳು.

"ಕುದುರಿ ಬಲಕ್ಕ ವಾಲಿತು. ನೀವ್ಯಾಕ ಎಡಕ್ಕ ಹ್ವಾದ್ರಿ?"

"ಮತ್ತೇನ್ ಮಾಡ್ಲಿ? ಕಬ್ಬಿನ ಬಂಡಿ ವಾಲಿದ್ರ ಎಲ್ಲೆ ಕೂಡ್ರತಾರವಾ? ಎತ್ತರದ ಕಡಿ ಕೂಡ್ರತಾರ."

ಇದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿದ ಬಂಡಿ ಹೋಗುವಾಗ ಒಂದು ಗಾಲಿ ತಗ್ಗಿಗೆ ಇಳಿದರೆ, ಮೇಲೆ ಕುಳಿತವರೆಲ್ಲ ಮೇಲೆದ್ದ ಗಾಲಿಯ ಕಡೆಗೆ ಹಾರಿ ಕೂಡಬೇಕು, ತಮ್ಮ ಭಾರದಿಂದ ಅದನ್ನು ಕೆಳಗೆ ಒತ್ತಬೇಕು. ಇಲ್ಲದಿದ್ದರೆ ಬಂಡಿ ಪಲ್ಟಿ. ಕಾಡವ್ವ ಕಬ್ಬು ಕಡಿಯುವ ಗುಂಪಿನಲ್ಲಿದ್ದವಳು. ನಾಲ್ಕು ಸುಗ್ಗಿ ಪ್ರಜ್ಞಾ ತಾಯಿಯ ಜೊತೆ ಆ ಬಂಡಿಗಳ ನೆತ್ತಿಯ ಮೇಲೆ ಕುಳಿತು ಹೋದವಳು. ಪರಶು ಆಗ ಜೋಳಿಗೆಯಲ್ಲಿದ್ದ. ಬಂಡಿಗೆ ಇದು ಸರಿ. ಆದರೆ ಬೈಕು ತಾನಾಗಿ ಬೀಳಲೆಂದು ವಾಲುವುದಿಲ್ಲ, ಹೊರಳಲೆಂದು ವಾಲುತ್ತದೆ. ಅದನ್ನು ಎದುರಿಗೆ ಒತ್ತಿದರೆ ಹೊರಳುವುದು ಬಿಟ್ಟು ನೆಟ್ಟಗೆ ಹೊರಗೆ ಓಡುತ್ತದೆ. ಇಷ್ಟನ್ನು ಸಾಲಿಯ ಬಯಲಿನಲ್ಲಿ ಅವನು ನನಗೆ ಬಾಯಿಪಾಠ ಮಾಡಿಸಿದ್ದ, ಅಕ್ಕನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅವಳು ಸೀಟಿನ ಮೇಲಿನ ಸುಣ್ಣದ ಗೆರೆ ತೋರಿಸಿದಳು. ಎರಡು ಬೆರಳು ಎಡಕ್ಕೆ ಸರಿದಿತ್ತು.

ನಾನು ಸೋಲುವವನಲ್ಲ. ಈ ಹೊಲಿಗೆಯನ್ನು ಪರಶುವೇ ಜಗ್ಗಿ ಹರಿದಿಟ್ಟಿರಬಹುದು, ನಿನ್ನ ಕೈಗೆ ಬರುತ್ತದೆಂದು ಗೊತ್ತಿತ್ತಲ್ಲ, ಹೂಂ ಅನ್ನಿಸಿಕೊಳ್ಳುವ ಆಟವಿರಬಹುದು ಎಂದೆ. ಅದನ್ನು ಅವಳು ರಾತ್ರಿಯೇ ಯೋಚಿಸಿಯಾಗಿತ್ತು. ಶೆಡ್ಡಿನ ಬೀಗದ ಕೀಲಿಯೂ ಕಾಡವ್ವನ ಸೆರಗಿನಲ್ಲೇ ಇತ್ತು. ಮೇಲಾಗಿ ಎಳೆದು ಉದ್ದವಾದ ತೂತುಗಳೊಳಗೆ ಎರಡು ವರ್ಷದ ಧೂಳು ಕೂತು ಗಟ್ಟಿಯಾಗಿತ್ತು. ಸೂಜಿಯ ತುದಿಯಿಂದ ಕೆದರಿ ತೋರಿಸಿದಳು.

"ಎರಡ ವರ್ಷ ಅವನ ಮಾರಿ ನೋಡಿದ್ನಿ ಕಾಕಾ. ಶೆಡ್ಡು ನಾ ಮಲಗೂ ಖೋಲಿಯಿಂದ ಇಪ್ಪತ್ತು ಹೆಜ್ಜಿ ಐತಿ. ಒಂದ ದಿನಾನೂ ಹೋಗಿ ಸೀಟು ನೋಡ್ಲಿಲ್ಲ."

ಹೀಗೆಂದು ಅವಳು ಅತ್ತಳು. ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ರಾಡು ಹಾಕಿದ ದಿನವೂ ಅತ್ತಿರಲಿಲ್ಲ. ನನಗೆ ಏನು ಮಾಡಬೇಕೋ ತಿಳಿಯದೆ ಎರಡು ಚಹಾ ಹೇಳಿ ಕಳಿಸಿದೆ.

ರವಿವಾರ ಹತ್ತು ಗಂಟೆಗೆ ಲಕ್ಷ್ಮಣ ಟೆಂಪೊ ತೆಗೆದುಕೊಂಡು ಬಂದ. ಕಾಡವ್ವ ಸ್ವಚ್ಛ ಸೀರೆ ಉಟ್ಟು ಬಂದಿದ್ದಳು. ಪರಶು ರಸ್ತೆಯ ಆಚೆ ಬದಿಗೆ, ಸೈಕಲ್ಲಿಗೆ ಆತು ನಿಂತಿದ್ದ, ಕೊನೆಯ ಸಲ ಗಾಡಿ ನೋಡಲು ಬಂದವನಂತೆ. ಚಹಾದಂಗಡಿಯ ನಾಲ್ಕೆಂಟು ಜನ ಬೇರೆ ಸೇರಿದ್ದರು. ಪ್ರಜ್ಞಾ ಕುಂಟುತ್ತ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ಗಾಡಿ ಮಾರುವುದಿಲ್ಲ ಎಂದಳು.

"ಅವತ್ತ ಗಾಡಿ ಬೀಳಿಸಿದಾಂವ ಇಂವ ಅಲ್ಲ. ನಾನು."

ಕಾಡವ್ವ ಮಗಳಿಗೆ ಜ್ವರವೇನಾದರೂ ಬಂದಿದೆಯೇ ಎಂಬಂತೆ ಮುಖ ನೋಡಿದಳು. ಹಿಂದೆ ಕುಳಿತವಳು ಹೇಗೆ ಬೀಳಿಸುತ್ತಾಳೆ ಎಂದು ಕೇಳಿದಳು. ಪ್ರಜ್ಞಾ ಸೀಟು ತಂದು ತೋರಿಸಿದಳು, ತೂತು ತೋರಿಸಿದಳು, ಬಂಡಿಯ ಮಾತು ಹೇಳಿದಳು. ಗಾಡಿ ಬಲಕ್ಕೆ ವಾಲಿದ ಕೂಡಲೇ ತಮ್ಮ ಬೀಳಿಸುತ್ತಾನೆ ಎಂದುಕೊಂಡು, ಇಬ್ಬರನ್ನೂ ಉಳಿಸಲೆಂದು ಎಡಕ್ಕೆ ಹಾರಿದೆ ಎಂದಳು. ಕಾಡವ್ವ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಎತ್ತರದ ಕಡಿ ಹಾರು ಅಂತ ಒದರಿ ಒದರಿ ಕಲಿಸಿದಾಕಿ ನಾನು," ಎಂದಳು.

ಆಮೇಲೆ ಸೆರಗಿನ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಕಟ್ಟಿದ ಗಂಟು, ಬೆರಳಿಗೆ ಬರಲಿಲ್ಲ, ಹಲ್ಲಿನಿಂದ ಬಿಚ್ಚಿದಳು. ಕೀಲಿಯನ್ನು ಮಗಳಿಗೆ ಕೊಡದೆ, ರಸ್ತೆ ದಾಟಿಹೋಗಿ ಮಗನ ಅಂಗೈಯಲ್ಲಿಟ್ಟಳು. ಇವರಿಗೆ ಬೇರೆ ಗಿರಾಕಿ ಸಿಕ್ಕಿರಬೇಕು, ಅದಕ್ಕೇ ಈ ನಾಟಕ ಎಂದು ಲಕ್ಷ್ಮಣ ಗೊಣಗುತ್ತ ಟೆಂಪೊ ತಿರುಗಿಸಿದ. ಹಿಂದಿನ ದಿನವಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಜನ ಚದುರಿದ ಮೇಲೆ ಪರಶು ಅಂಗಡಿಯೊಳಗೆ ಬಂದ. ನನಗೂ ತಡೆಯಲಾಗಲಿಲ್ಲ. ಬಾರಿನ ಸುದ್ದಿ ಊರಿಗೆ ಹಬ್ಬಿಸಿದವನು ನಾನು, ನಾನು ಕಣ್ಣಾರೆ ಕಂಡದ್ದಲ್ಲ, ನನ್ನದು ತಪ್ಪಾಯಿತು ಎಂದೆ. ಅವನು ಅದು ತನಗೆ ಅಂದೇ ಗೊತ್ತಿತ್ತು ಎಂದ. ಝೆರಾಕ್ಸ್ ಅಂಗಡಿಯಿಂದ ಹೊರಟ ಸುದ್ದಿಯಲ್ಲವೇ, ಮೂರು ದಿನದಲ್ಲಿ ಊರ ತುಂಬ ಕಾಪಿಯಾಗಿತ್ತು ಎಂದ. ಸಿಟ್ಟಿನಿಂದಲೋ ತಮಾಷೆಗೋ ಎಂದು ಈಗಲೂ ನನಗೆ ಖಾತ್ರಿಯಿಲ್ಲ.

ಪ್ರಜ್ಞಾ ನಾಳೆಗೆ ಬೇಕೆಂದು ಹಿಂದಿನ ತುಂಡಿಗೆ ಹೊಸ ರೆಗ್ಜಿನ್ ಹಾಕುತ್ತಿದ್ದಳು. ಅವನು ಮುಂದಿನ ಸೀಟಿನ ಬೋಲ್ಟನ್ನು ಪಾನಾ ಹಾಕಿ ಬಿಗಿಯುತ್ತಿದ್ದ. ಕೊನೆಗೆ ಅವಳು ಸೂಜಿಯ ಮೇಲಿನ ಕಣ್ಣು ತೆಗೆಯದೆ, ಇದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು.

"ಬೀಳೂಕಿಂತ ಮೊದಲ," ಎಂದ ಪರಶು. "ನನ್ನ ಬೆನ್ನಿಗೆ ಗೊತ್ತಾತು. ನೀ ಆ ಕಡಿ ಹ್ವಾದಿ, ಗಾಡಿ ಹೊಳ್ಳಲಿಲ್ಲ."

"ಮತ್ತ ಎರಡ ವರ್ಷ ಯಾಕ ಬಾಯಿ ಮುಚಗೊಂಡ ಕುಂತಿ?"

ಅವನು ಪಾನಾ ಕೆಳಗಿಟ್ಟ.

"ಹೇಳಿದ್ರ ನಂಬತಿದ್ದಿ?"

ಪ್ರಜ್ಞಾಳ ಕೈ ನಿಂತಿತು. ಅವಳು ತಮ್ಮನ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲ," ಎಂದಳು.

ನಾನೂ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದೆ. ಅವನು ನನ್ನನ್ನು ಕೇಳಿದ್ದರೂ ಉತ್ತರ ಅದೇ. ಆದರೆ ನನಗೆ ಅಷ್ಟು ಬೇಗ ಹೇಳಲು ಆಗುತ್ತಿರಲಿಲ್ಲ.